ನೆತ್ತರಿನೊಳಗಿನ ಕುಡುಗೋಲು

ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ. ಅದರ ಮೇಲೆ ತೆಳುಗಾಜು ಮುಚ್ಚಿ, ಅಂಚಿಗೆ ಮೇಣ ಬಳಿದು ಗಾಳಿಯಾಡದಂತೆ ಮಾಡಿದರೆ ಒಳಗಿನ ಆಮ್ಲಜನಕ ಮೆಲ್ಲಮೆಲ್ಲನೆ ತೀರುತ್ತದೆ. ಆಮೇಲೆ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು ಕಾಯಬೇಕು. ಬಹುತೇಕರ ರಕ್ತದಲ್ಲಿ ಏನೂ ಆಗುವುದಿಲ್ಲ. ಕೆಂಪುಕಣಗಳು ನಡು ಅದುಮಿದ ಬಿಲ್ಲೆಗಳಂತೆ ದುಂಡಗೇ ಉಳಿಯುತ್ತವೆ. ಕೆಲವರ ರಕ್ತದಲ್ಲಿ ಮಾತ್ರ ಆ ಬಿಲ್ಲೆಗಳು ಒಂದೊಂದಾಗಿ ಬಾಗತೊಡಗುತ್ತವೆ. ತುದಿಗಳು ಚೂಪಾಗುತ್ತವೆ, ಬೆನ್ನು ಕಮಾನಾಗುತ್ತದೆ. ನೋಡನೋಡುತ್ತಿದ್ದಂತೆ ಗಾಜಿನಡಿ ಕುಯ್ಲಿನ ಕುಡುಗೋಲುಗಳೇ ಹರವಿಕೊಂಡಂತೆ ಕಾಣುತ್ತದೆ.

ನೀಲಗಿರಿಯ ಬುಡಕಟ್ಟುಗಳ ರಕ್ತದಲ್ಲಿ ಇಂಥ ಕುಡುಗೋಲುಗಳಿವೆ ಎಂದು ಬ್ರಿಟನ್ನಿನ ಹರ್ಮನ್ ಲೆಹ್ಮನ್ ಮತ್ತು ಮೇರಿ ಕಟ್‌ಬುಷ್ 1952ರಲ್ಲಿ ವರದಿ ಮಾಡಿದರು. ಅಲ್ಲಿಯವರೆಗೆ ಈ ಕುಡುಗೋಲು ಕಣ ರೋಗ ಆಫ್ರಿಕಾ ಮೂಲದವರಿಗೆ ಮಾತ್ರ ಬರುವ ಕಾಯಿಲೆ ಎಂಬುದು ವೈದ್ಯಲೋಕದ ನಂಬಿಕೆ. ಇರುಳ, ಕುರುಂಬ, ಪಣಿಯ ಜನರ ರಕ್ತ ಆ ನಂಬಿಕೆಯನ್ನು ಮುರಿಯಿತು. ಅದೇ ವರ್ಷ ಅಸ್ಸಾಮಿನ ಚಹಾತೋಟದ ಕೂಲಿಗಳಲ್ಲೂ ಅದೇ ಕಣಗಳು ಕಂಡವು. ಆಮೇಲೆ ಮಧ್ಯಭಾರತದ ಉದ್ದಕ್ಕೂ, ಒಡಿಶಾ, ಗುಜರಾತ್, ಮಹಾರಾಷ್ಟ್ರದ ಕಾಡಂಚಿನ ಊರುಗಳಲ್ಲಿ, ವಯನಾಡಿನಲ್ಲಿ, ನಮ್ಮ ಮೈಸೂರು, ಕೊಡಗಿನ ಕಡೆಯ ಜೇನುಕುರುಬರ, ಯರವರ ಹಾಡಿಗಳಲ್ಲಿ ಒಂದೊಂದಾಗಿ ಪತ್ತೆಯಾಗುತ್ತ ಹೋಯಿತು.

ಮನುಷ್ಯಕುಲದ ಮುಂದಿನ ವಿಕಾಸವನ್ನು ಜೈವಿಕ ತಂತ್ರಜ್ಞಾನ ಹೇಗೆ ತಿದ್ದೀತು ಎಂಬ ಪ್ರಶ್ನೆ ಎದ್ದಾಗ ಮಾತು ಸಾಮಾನ್ಯವಾಗಿ ಭವಿಷ್ಯದ ಕಡೆಗೇ ಹಾರುತ್ತದೆ. ಬೇಕಾದ ಬಣ್ಣದ ಕಣ್ಣು, ಬೇಕಾದಷ್ಟು ಬುದ್ಧಿ ಇರುವ ಮಕ್ಕಳ ಚಿತ್ರಗಳು ಬರುತ್ತವೆ. ಆದರೆ ಈ ಪ್ರಶ್ನೆಗೆ ಈಗಾಗಲೇ ನೂರು ವರ್ಷ ಮೀರಿದ ಚರಿತ್ರೆಯಿದೆ. ಅದು ಬರೆದಿರುವುದು ಈ ಬಾಗಿದ ಕಣದಲ್ಲಿ. ಮನುಷ್ಯ ತನ್ನ ವಿಕಾಸಕ್ಕೆ ಮೊದಲ ಸಲ ಕೈಹಾಕಿದ್ದು ಪ್ರಯೋಗಾಲಯದಲ್ಲಲ್ಲ, ಹೊಲದಲ್ಲಿ. ಪ್ರತಿ ಸಲ ಕೈಹಾಕಿದಾಗಲೂ ಮೊದಲು ರಕ್ತ ಕೊಟ್ಟವರಿಗೂ ಮೊದಲು ಫಲ ಉಂಡವರಿಗೂ ನಡುವೆ ದೊಡ್ಡ ಅಂತರ ಉಳಿದೇ ಬಂದಿದೆ.

ವೈದ್ಯಕೀಯ ದಾಖಲೆಗೆ ಈ ಕಣ ಸೇರಿದ್ದು ಷಿಕಾಗೊದಲ್ಲಿ. 1904ರ ಡಿಸೆಂಬರಿನ ಚಳಿಯಲ್ಲಿ ವಾಲ್ಟರ್ ಕ್ಲೆಮೆಂಟ್ ನೊಯೆಲ್ ಎಂಬ ದಂತವೈದ್ಯಕೀಯ ವಿದ್ಯಾರ್ಥಿ ಕೆಮ್ಮು, ಜ್ವರ, ನಿಶ್ಶಕ್ತಿಯಿಂದ ಆಸ್ಪತ್ರೆ ಸೇರಿದ. ಕೆರಿಬಿಯನ್ ಸಮುದ್ರದ ಗ್ರೆನಡಾ ದ್ವೀಪದಿಂದ ಓದಲು ಬಂದವನು ಅವನು. ಅವನ ರಕ್ತವನ್ನು ಪರೀಕ್ಷಿಸಿದ ಕಿರಿಯ ವೈದ್ಯ ಅರ್ನೆಸ್ಟ್ ಐರನ್ಸ್‌ಗೆ ವಿಚಿತ್ರ ಆಕಾರದ ಕಣಗಳು ಕಂಡವು. ಹಿರಿಯ ವೈದ್ಯ ಜೇಮ್ಸ್ ಹೆರಿಕ್ ಆರು ವರ್ಷ ಯೋಚಿಸಿ 1910ರಲ್ಲಿ ಅದನ್ನು ಪ್ರಕಟಿಸಿದರು. ಅಲ್ಲಿ ಕುಡುಗೋಲಿನ ಹೋಲಿಕೆ ಬಂತು. 1922ರ ಹೊತ್ತಿಗೆ ಅದೇ ಕಾಯಿಲೆಯ ಹೆಸರಾಯಿತು. ನೊಯೆಲ್ ಓದು ಮುಗಿಸಿ ಊರಿಗೆ ಮರಳಿ, ಹಲ್ಲಿನ ವೈದ್ಯನಾಗಿ ದುಡಿದು, 1916ರಲ್ಲಿ ನ್ಯುಮೋನಿಯಾದಿಂದ ತೀರಿಕೊಂಡ. ವಯಸ್ಸು ಮೂವತ್ತೆರಡು.

ಹೆರಿಕ್ ಕಾಯಿಲೆಗೆ ಹೊಸಬರೇ ಹೊರತು ಕಾಯಿಲೆ ಹೊಸದಲ್ಲ. ಬಾಗಿದ ಕಣಗಳು ಸಣ್ಣ ರಕ್ತನಾಳಗಳಲ್ಲಿ ಸಿಕ್ಕಿಕೊಂಡಾಗ ಮೂಳೆಯೊಳಗಿನಿಂದ ಏಳುವ ನೋವನ್ನು ಅನುಭವಿಸಿದವರು ಅದಕ್ಕೆ ತಮ್ಮದೇ ಹೆಸರು ಕೊಟ್ಟಿದ್ದರು. ಘಾನಾದ ಗಾ ಭಾಷೆಯಲ್ಲಿ ಅದು ‘ಚ್ವೆಚ್ವೆಚ್ವೆ’. ಉಚ್ಚರಿಸಿದರೆ ಸಾಕು, ಕಡಿದು ಕಡಿದು ಬರುವ ನೋವು ಕಿವಿಗೇ ಕೇಳಿಸುತ್ತದೆ. ಘಾನಾದ ವೈದ್ಯ ಕೊನೊಟೆ ಅಹುಲು ತಮ್ಮ ಮನೆತನದಲ್ಲೇ ಈ ರೋಗದ ಜಾಡನ್ನು 1670ರವರೆಗೆ ಹಿಂದಕ್ಕೆ ಹಿಡಿದು ಹೋದರು. ಹುಟ್ಟಿ ಸತ್ತು, ಮತ್ತೆ ಅದೇ ತಾಯಿಯ ಹೊಟ್ಟೆಯಲ್ಲಿ ಹುಟ್ಟಿ ಸಾಯುವ ಮಕ್ಕಳನ್ನು ನೈಜೀರಿಯಾದ ಇಗ್ಬೊ ಜನ ‘ಒಗ್ಬಾಂಜೆ’ ಎನ್ನುತ್ತಿದ್ದರು. ಆ ನಂಬಿಕೆಯ ಹಿಂದೆ ಈ ಕಾಯಿಲೆಯೇ ಇದ್ದಿರಬೇಕೆಂದು ಇಂದಿನ ಹಲವು ವೈದ್ಯರ ಊಹೆ. ಒಂದರ ಹಿಂದೊಂದು ಕೂಸು ಕಳೆದುಕೊಂಡ ತಾಯಿ ಮುಂದಿನ ಮಗುವನ್ನು ತಿಪ್ಪೆಯ ಮೇಲೆ ಉರುಳಿಸಿ, ಸಾವಿನ ಕಣ್ಣಿಗೆ ಬೇಡವಾಗಲೆಂದು ತಿಪ್ಪ, ತಿಪ್ಪಮ್ಮ ಎಂದು ಹೆಸರಿಡುತ್ತಿದ್ದ ನಾಡಿನವರಿಗೆ ಆ ಸಂಕಟ ದೂರದ್ದೇನಲ್ಲ.

ನೋವಿನ ಬೇರು ಎಲ್ಲಿದೆ ಎಂಬುದು ತಿಳಿದದ್ದು ಎರಡನೇ ಮಹಾಯುದ್ಧದ ನಂತರ. 1945ರಲ್ಲಿ ರೈಲುಪ್ರಯಾಣವೊಂದರಲ್ಲಿ ವೈದ್ಯ ವಿಲಿಯಂ ಕ್ಯಾಸಲ್ ರಸಾಯನಶಾಸ್ತ್ರಜ್ಞ ಲೈನಸ್ ಪಾಲಿಂಗ್ ಅವರಿಗೆ ಈ ಕಣಗಳ ಬಗ್ಗೆ ಹೇಳಿದರು. ಆಮ್ಲಜನಕ ಕಡಿಮೆಯಾದಾಗ ಮಾತ್ರ ಬಾಗುತ್ತವೆ ಎಂಬ ಮಾತು ಪಾಲಿಂಗ್ ಕಿವಿಗೆ ಬಿದ್ದದ್ದೇ ತಡ, ದೋಷ ಕಣದಲ್ಲಲ್ಲ, ಒಳಗಿನ ಹಿಮೋಗ್ಲೋಬಿನ್ ಎಂಬ ಅಣುವಿನಲ್ಲೇ ಇರಬೇಕೆಂದು ಹೊಳೆಯಿತು. 1949ರಲ್ಲಿ ಪಾಲಿಂಗ್, ಹಾರ್ವೆ ಇಟಾನೊ ಮತ್ತು ಸಂಗಡಿಗರು ಅದನ್ನು ಸಾಧಿಸಿ ತೋರಿಸಿದರು. ಒಂದು ಕಾಯಿಲೆಯನ್ನು ಒಂದು ಅಣುವಿನ ಬದಲಾವಣೆಗೆ ಕಟ್ಟಿಹಾಕಿದ್ದು ಅದೇ ಮೊದಲು. ಏಳೆಂಟು ವರ್ಷಗಳಲ್ಲಿ ಕೇಂಬ್ರಿಜ್‌ನ ವರ್ನನ್ ಇಂಗ್ರಾಮ್ ಇನ್ನೂ ಒಳಕ್ಕಿಳಿದರು. ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯಲ್ಲಿ 146 ಅಮೈನೊ ಆಮ್ಲಗಳ ಮಣಿಗಳಿವೆ. ಆರನೆಯ ಮಣಿ ಗ್ಲುಟಾಮಿಕ್ ಆಮ್ಲವಾಗಿರಬೇಕಿತ್ತು, ಇಲ್ಲಿ ಅದು ವ್ಯಾಲೀನ್ ಆಗಿತ್ತು. ವ್ಯತ್ಯಾಸ ಅಷ್ಟೇ. ಡಿಎನ್‌ಎಯ ಲೆಕ್ಕದಲ್ಲಿ ಹೇಳುವುದಾದರೆ ಮುನ್ನೂರು ಕೋಟಿ ಅಕ್ಷರಗಳಲ್ಲಿ ಒಂದು ಅಕ್ಷರ ಪಲ್ಲಟ.

ಇಂಥ ಮಾರಕ ತಪ್ಪು ಕಾಲಕ್ರಮದಲ್ಲಿ ಅಳಿಸಿಹೋಗಬೇಕಿತ್ತಲ್ಲವೇ? ತಂದೆ ತಾಯಿ ಇಬ್ಬರಿಂದಲೂ ಈ ವಂಶವಾಹಿ ಬಂದ ಮಗುವಿಗೆ ರೋಗ. ಒಬ್ಬರಿಂದ ಮಾತ್ರ ಬಂದರೆ ಅದು ವಾಹಕ, ಬಹುಮಟ್ಟಿಗೆ ಆರೋಗ್ಯವಂತ. ಹಿಂದಿನ ಕಾಲದಲ್ಲಿ ರೋಗಿಗಳು ಬಹುತೇಕ ಬಾಲ್ಯದಲ್ಲೇ ಸಾಯುತ್ತಿದ್ದರು, ತಮ್ಮ ಜೊತೆ ಆ ವಂಶವಾಹಿಯ ಎರಡೆರಡು ಪ್ರತಿಗಳನ್ನೂ ಒಯ್ಯುತ್ತಿದ್ದರು. ಆದರೂ ಕೆಲವು ಜನಾಂಗಗಳಲ್ಲಿ ಐವರಲ್ಲಿ ಒಬ್ಬರು, ನಾಲ್ವರಲ್ಲಿ ಒಬ್ಬರು ವಾಹಕರು. ಲೆಕ್ಕ ತಾಳೆಯಾಗುತ್ತಿರಲಿಲ್ಲ.

ತಾಳೆ ಹಾಕುವ ದಾರಿ ತೋರಿದವರು ಜೆ. ಬಿ. ಎಸ್. ಹಾಲ್ಡೇನ್. 1923ರಲ್ಲೇ ಕೇಂಬ್ರಿಜ್‌ನಲ್ಲಿ ‘ಡೀಡಲಸ್’ ಎಂಬ ಉಪನ್ಯಾಸ ಓದಿ, ತಾಯಿಯ ಗರ್ಭದ ಹೊರಗೆ ಶಿಶುಗಳನ್ನು ಬೆಳೆಸುವ ಕಾಲ ಬರುತ್ತದೆಂದು ಹೇಳಿದ್ದ ಧೀಮಂತ ಅವರು. ಮನುಷ್ಯ ತನ್ನ ವಿಕಾಸವನ್ನು ತಾನೇ ನಡೆಸುವ ಕನಸು ಕಂಡಿದ್ದ ಅದೇ ಹಾಲ್ಡೇನ್ ಮೂರು ದಶಕಗಳಷ್ಟರಲ್ಲಿ ತೀರ ನೆಲದ ಮೇಲಿನ ಇನ್ನೊಂದು ವಿಚಾರ ಮುಂದಿಟ್ಟರು. ಮನುಷ್ಯನನ್ನು ರೂಪಿಸಿದ ದೊಡ್ಡ ಶಕ್ತಿ ಸೋಂಕುರೋಗ. ಮಲೇರಿಯಾ ಇರುವಲ್ಲಿ ಕೆಲವು ರಕ್ತದೋಷಗಳ ವಾಹಕರಿಗೆ ಬದುಕುಳಿಯುವ ಅವಕಾಶ ಹೆಚ್ಚಿರಬೇಕು ಎಂಬುದು ಆ ವಿಚಾರ. ಅವರು ಹೇಳಿದ್ದು ಥಲಸೀಮಿಯಾ ಎಂಬ ಇನ್ನೊಂದು ರಕ್ತದೋಷದ ಬಗ್ಗೆ. ಕುಡುಗೋಲು ಕಣಕ್ಕೆ ಅದನ್ನು ರುಜುವಾತು ಮಾಡಿದವರು ಕೀನ್ಯಾದಲ್ಲಿ ಬೆಳೆದ ಆಂಟನಿ ಆಲಿಸನ್.

1949ರಲ್ಲಿ ಕೀನ್ಯಾದಲ್ಲಿ ರಕ್ತ ಸಂಗ್ರಹಿಸುತ್ತಿದ್ದ ಆಲಿಸನ್‌ಗೆ ಒಂದು ವಿನ್ಯಾಸ ಕಂಡಿತು. ಸಮುದ್ರತೀರದಲ್ಲೂ ವಿಕ್ಟೋರಿಯಾ ಸರೋವರದ ಸುತ್ತಲೂ ವಾಹಕರು ಹೇರಳ, ತಂಪಾದ ಮಲೆನಾಡಿನಲ್ಲಿ ವಿರಳ. ಸೊಳ್ಳೆಯ ಭೂಪಟವೂ ಹಾಗೆಯೇ ಇತ್ತು. ಕೆಲವು ವರ್ಷಗಳ ನಂತರ ಅವರು ಲುವೊ ಸಮುದಾಯದ ಮೂವತ್ತು ಮಂದಿ ಸ್ವಯಂಸೇವಕರಿಗೆ ಮಲೇರಿಯಾ ತಗಲಿಸಿ ನೋಡಿದರು. ವಾಹಕರಲ್ಲದ 15 ಮಂದಿಯಲ್ಲಿ 14 ಜನರಿಗೆ ಸೋಂಕು ಹತ್ತಿತು. ವಾಹಕರಾದ 15 ಮಂದಿಯಲ್ಲಿ ಇಬ್ಬರಿಗೆ ಮಾತ್ರ. ಇಂದಿನ ಯಾವ ನೀತಿ ಸಮಿತಿಯೂ ಒಪ್ಪಲಾರದ ಪ್ರಯೋಗ ಅದು, ಒಪ್ಪಬಾರದು ಕೂಡ. 1954ರಲ್ಲಿ ಅದರ ಫಲ ಪ್ರಕಟವಾದಾಗ, ಮನುಷ್ಯರಲ್ಲಿ ನಿಸರ್ಗದ ಆಯ್ಕೆ ನಡೆಯುವುದನ್ನು ಒಂದು ನಿರ್ದಿಷ್ಟ ವಂಶವಾಹಿಯ ಮಟ್ಟದಲ್ಲಿ ಮೊದಲ ಬಾರಿಗೆ ತೋರಿಸಿದಂತಾಯಿತು.

ಹಾಗಾದರೆ ಆ ಸೊಳ್ಳೆಗಳನ್ನು ಸಾಕಿದವರು ಯಾರು? 1958ರಲ್ಲಿ ಫ್ರಾಂಕ್ ಲಿವಿಂಗ್‌ಸ್ಟನ್ ಎಂಬ ಅಮೆರಿಕದ ಮಾನವಶಾಸ್ತ್ರಜ್ಞ ಇದಕ್ಕೆ ಕೊಟ್ಟ ಉತ್ತರ ಇವತ್ತಿಗೂ ಮೈನವಿರೇಳಿಸುತ್ತದೆ. ಪಶ್ಚಿಮ ಆಫ್ರಿಕಾದ ದಟ್ಟ ಮಳೆಕಾಡಿನ ನೆರಳಿನಲ್ಲಿ ಮಲೇರಿಯಾ ಹರಡುವ ಮುಖ್ಯ ಸೊಳ್ಳೆಗೆ ನೆಲೆಯಿಲ್ಲ. ಅದಕ್ಕೆ ಬಿಸಿಲು ಬೀಳುವ ನಿಂತ ನೀರು ಬೇಕು. ರೈತರು ಕಾಡು ಕಡಿದು ಗೆಣಸು ನೆಟ್ಟರು. ಕಡಿದ ಜಾಗದಲ್ಲಿ ಬಿಸಿಲು ಬಿತ್ತು, ತುಳಿದ ನೆಲದಲ್ಲಿ ನೀರು ನಿಂತಿತು, ಪಕ್ಕದಲ್ಲೇ ಹಳ್ಳಿ ಕಟ್ಟಿ ಜನ ಒತ್ತಾಗಿ ಬದುಕಿದರು. ಸೊಳ್ಳೆಗೆ ನೀರೂ ಸಿಕ್ಕಿತು, ರಕ್ತವೂ ಸಿಕ್ಕಿತು. ಆಫ್ರಿಕಾದ ಕುಡುಗೋಲು ವಂಶವಾಹಿ ಸುಮಾರು 7,300 ವರ್ಷಗಳ ಹಿಂದೆ ಒಬ್ಬನೇ ಪೂರ್ವಜನಲ್ಲಿ ಹುಟ್ಟಿತೆಂದು 2018ರಲ್ಲಿ ಡೇನಿಯಲ್ ಶ್ರೈನರ್ ಮತ್ತು ಚಾರ್ಲ್ಸ್ ರೊಟಿಮಿ ಅಂದಾಜಿಸಿದರು. ಹುಟ್ಟಿದ್ದು ಆಕಸ್ಮಿಕವಾಗಿ. ಅದನ್ನು ಬೆಳೆಸಿದ್ದು ಬೇಸಾಯ. ಗುದ್ದಲಿ ಕೊಡಲಿಗಳು ನೆಲವನ್ನಷ್ಟೇ ಅಲ್ಲ, ಅವನ್ನು ಹಿಡಿದವರ ರಕ್ತವನ್ನೂ ಬದಲಿಸಿದವು. ಆ ರಕ್ತದ ಕಣಕ್ಕೆ ಕುಯ್ಲಿನ ಸಲಕರಣೆಯ ಹೆಸರೇ ಬಿದ್ದದ್ದು ಕಾಕತಾಳೀಯವಾದರೂ ಅರ್ಥವಿಲ್ಲದ್ದಲ್ಲ.

ಭಾರತದ ಕತೆ ತುಸು ಬೇರೆ. ಇಲ್ಲಿನ ಕುಡುಗೋಲು ವಂಶವಾಹಿಯ ಆಸುಪಾಸಿನ ಡಿಎನ್‌ಎ ವಿನ್ಯಾಸ ಆಫ್ರಿಕಾದವುಗಳಿಗಿಂತ ಭಿನ್ನ, ಸೌದಿ ಅರೇಬಿಯದ ಪೂರ್ವತೀರದ ಓಯಸಿಸ್‌ಗಳ ಜನರದ್ದನ್ನು ಹೋಲುತ್ತದೆ ಎಂಬುದು 1980ರ ದಶಕದಲ್ಲಿ ತಿಳಿಯಿತು. ಆ ಗುಂಪಿಗೆ ಅರಬ್–ಭಾರತೀಯ ಎಂದೇ ಹೆಸರು. ಯಾವ ದಾರಿಯಲ್ಲಿ, ಯಾರ ಜೊತೆ ನಡೆದು ಅದು ನೀಲಗಿರಿಯ ಇಳಿಜಾರಿಗೆ ಬಂತು ಎಂಬುದು ಇನ್ನೂ ವಾದದ ವಿಷಯ. ಬಂದ ಮೇಲೆ ಅದಕ್ಕೆ ಇಲ್ಲಿ ಕೆಲಸವಂತೂ ಇತ್ತು. ವಯನಾಡು, ಕೊಡಗು, ಮಲೆನಾಡಿನ ಚಳಿಜ್ವರ ಊರಿಗೆ ಊರನ್ನೇ ಬರಿದು ಮಾಡುತ್ತಿದ್ದ ಕಾಲವದು. ಸ್ವಾತಂತ್ರ್ಯದ ಹೊತ್ತಿಗೆ ದೇಶದಲ್ಲಿ ವರ್ಷಕ್ಕೆ ಏಳೂವರೆ ಕೋಟಿ ಮಲೇರಿಯಾ ಪ್ರಕರಣ, ಎಂಟು ಲಕ್ಷ ಸಾವು ಎಂಬ ಅಂದಾಜಿತ್ತು. ಹೊರಗಿನಿಂದ ಬಂದವರು ನಡುಗಿ ಮಲಗುತ್ತಿದ್ದ ಕಾಡಿನಲ್ಲಿ ತಲೆಮಾರುಗಳಿಂದ ನೆಲೆಸಿದ್ದವರಲ್ಲಿ ಹಲವರಿಗೆ ರಕ್ಷೆಯಾಗಿದ್ದುದು ಈ ವಂಶವಾಹಿ. ಆ ರಕ್ಷೆಯ ಬೆಲೆಯನ್ನು ಅದೇ ಹಾಡಿಯ ಕೆಲವು ಕೂಸುಗಳು ಪ್ರಾಣ ಕೊಟ್ಟು ತೆರುತ್ತಿದ್ದವು.

ಆಮೇಲೆ ಡಿಡಿಟಿ ಬಂತು. 1940ರ ದಶಕದ ಮಧ್ಯದಲ್ಲಿ ಆಗಿನ ಮುಂಬಯಿ ಪ್ರಾಂತ್ಯದ ಧಾರವಾಡ ಮತ್ತು ಕಾರವಾರದ ಕಡೆ ಡಾ. ಡಿ. ಕೆ. ವಿಶ್ವನಾಥನ್ ಮನೆಮನೆಯ ಗೋಡೆಗೆ ಡಿಡಿಟಿ ಹೊಡೆಸಿದ್ದು ದೇಶದ ಮೊದಲ ದೊಡ್ಡ ಯತ್ನಗಳಲ್ಲೊಂದು. 1953ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. 1960ರ ದಶಕದ ನಡುವಿನಲ್ಲಿ ಪ್ರಕರಣಗಳು ಒಂದು ಲಕ್ಷಕ್ಕೆ ಇಳಿದವು. ಮುಂದೆ ಮಲೇರಿಯಾ ಮರಳಿತು, ಮತ್ತೆ ತಗ್ಗಿತು, ಅದು ಬೇರೆ ಕತೆ. ವಿಕಾಸದ ದೃಷ್ಟಿಯಿಂದ ನಡೆದದ್ದು ಇಷ್ಟು: ಸಾವಿರಾರು ವರ್ಷ ವಾಹಕರಿಗೆ ಸಿಗುತ್ತಿದ್ದ ಲಾಭ ಒಂದೆರಡು ತಲೆಮಾರಿನಲ್ಲಿ ಕರಗಿತು, ರೋಗಿಗಳ ನಷ್ಟ ಮಾತ್ರ ಹಾಗೆಯೇ ಉಳಿಯಿತು. ಒಂದು ಪಂಪು, ಒಂದು ಪುಡಿ. ಇವು ಮನುಷ್ಯನ ವಿಕಾಸದ ದಿಕ್ಕು ತಿರುಗಿಸುತ್ತವೆಂದು ಸಿಂಪಡಿಸಿದವರು ಯಾರೂ ಎಣಿಸಿರಲಿಲ್ಲ.

ಇಲ್ಲಿ ಸ್ವಲ್ಪ ಲೆಕ್ಕ ನೋಡಬೇಕು, ಏಕೆಂದರೆ ಮುಂದಿನ ಕತೆಯೆಲ್ಲ ಅದರ ಮೇಲೆ ನಿಂತಿದೆ. ಒಂದು ಸಮುದಾಯದಲ್ಲಿ ಹಿಮೋಗ್ಲೋಬಿನ್ನಿನ ಈ ವಂಶವಾಹಿಯ ಪ್ರತಿಗಳಲ್ಲಿ ಹತ್ತಕ್ಕೊಂದು ಕುಡುಗೋಲಿನದು ಎಂದುಕೊಳ್ಳೋಣ. ಆಗ ನೂರಕ್ಕೆ 18 ಮಂದಿ ವಾಹಕರು, ಒಬ್ಬರು ರೋಗಿ. ಮಲೇರಿಯಾ ಪೂರ್ತಿ ತೊಲಗಿ, ರೋಗಿಗಳೆಲ್ಲ ಮಕ್ಕಳಾಗುವ ಮೊದಲೇ ತೀರಿಕೊಂಡರೂ ಹತ್ತಕ್ಕೊಂದು ಇದ್ದದ್ದು ಇಪ್ಪತ್ತಕ್ಕೊಂದು ಆಗಲು ಹತ್ತು ತಲೆಮಾರು ಹಿಡಿಯುತ್ತದೆ, ಅಂದರೆ ಸುಮಾರು 250 ವರ್ಷ. ಅದನ್ನೂ ಅರ್ಧಕ್ಕಿಳಿಸಲು ಇನ್ನೂ ಇಪ್ಪತ್ತು ತಲೆಮಾರು. ನಿಸರ್ಗ ಕೊಟ್ಟದ್ದನ್ನು ಬೇಗ ಹಿಂದಕ್ಕೆ ಪಡೆಯುವುದಿಲ್ಲ. ಅವಸರವಿರುವುದು ಮನುಷ್ಯನಿಗೆ.

ಅವಸರದ ಮೊದಲ ರೂಪ ಬಹಳ ಕೆಟ್ಟದ್ದಾಗಿತ್ತು. ಅಣುವಿನ ಗುಟ್ಟು ಬಿಡಿಸಿದ ಪಾಲಿಂಗ್ ಅವರೇ 1968ರಲ್ಲಿ ಕಾನೂನು ಪತ್ರಿಕೆಯೊಂದಕ್ಕೆ ಬರೆದ ಲೇಖನದಲ್ಲಿ, ವಾಹಕರಾದ ತರುಣ ತರುಣಿಯರ ಹಣೆಯ ಮೇಲೆ ಹಚ್ಚೆ ಹಾಕಬೇಕು, ವಾಹಕರಿಬ್ಬರು ಪರಸ್ಪರ ಪ್ರೀತಿಸದಂತೆ ಅದು ತಡೆಯುತ್ತದೆ ಎಂದು ಸೂಚಿಸಿದರು. ಅಣ್ವಸ್ತ್ರ ಪರೀಕ್ಷೆಗಳ ವಿರುದ್ಧ ಹೋರಾಡಿ ಶಾಂತಿಯ ನೊಬೆಲ್ ಪಡೆದ, ನೋವು ಕಡಿಮೆ ಮಾಡಬೇಕೆಂಬ ಹಂಬಲವಿದ್ದ ಮನುಷ್ಯನ ಕೈಯಿಂದ ಈ ಮಾತು ಬಂತೆಂಬುದೇ ಭಯ ಹುಟ್ಟಿಸುತ್ತದೆ. ಹಚ್ಚೆಯೇನೋ ಬರಲಿಲ್ಲ. ಆದರೆ 1970ರ ದಶಕದ ಆರಂಭದಲ್ಲಿ ಅಮೆರಿಕದ ಹಲವು ರಾಜ್ಯಗಳು ಕಪ್ಪುಜನರಿಗೆ ಕಡ್ಡಾಯ ತಪಾಸಣೆಯ ಕಾನೂನು ಮಾಡಿದವು. ವಾಹಕನಿಗೂ ರೋಗಿಗೂ ಇರುವ ವ್ಯತ್ಯಾಸ ಗೊತ್ತಿಲ್ಲದವರು ವಾಹಕರಿಗೆ ವಿಮೆ ನಿರಾಕರಿಸಿದರು, ಕೆಲಸ ನಿರಾಕರಿಸಿದರು. ಆ ದೇಶದ ವಾಯುಪಡೆಯ ಅಕಾಡೆಮಿ 1981ರವರೆಗೂ ವಾಹಕರನ್ನು ಸೇರಿಸಿಕೊಳ್ಳಲಿಲ್ಲ.

ಗ್ರೀಸಿನ ಒರ್ಖೊಮೆನೊಸ್ ಎಂಬ ಊರಿನ ಪಾಠ ಇನ್ನೂ ಸೂಕ್ಷ್ಮ. ಕೊಪಾಯಿಸ್ ಎಂಬ ಜೌಗು ಸರೋವರದ ದಡದಲ್ಲಿದ್ದ ಆ ಊರಿಗೆ ಮಲೇರಿಯಾ ಹಳೆಯ ನೆಂಟ. ನೂರಕ್ಕೆ 23ರಷ್ಟು ಜನ ಕುಡುಗೋಲು ವಂಶವಾಹಿಯ ವಾಹಕರು. ವಿಜ್ಞಾನಿಗಳು ಎಲ್ಲರ ರಕ್ತ ಪರೀಕ್ಷಿಸಿ, ವಾಹಕರು ವಾಹಕರನ್ನು ಮದುವೆಯಾಗಬೇಡಿ ಎಂದು ಪ್ರೀತಿಯಿಂದಲೇ ತಿಳಿಹೇಳಿದರು. ಕೆಲವು ವರ್ಷಗಳ ನಂತರ ಬಂದು ನೋಡಿದರೆ ರೋಗಿ ಮಕ್ಕಳ ಜನನದ ಪ್ರಮಾಣ ಇಳಿದಿರಲಿಲ್ಲ. ವಾಹಕರೆಂಬುದೇ ಕಳಂಕವಾಗಿತ್ತು, ಜನ ತಮ್ಮ ಫಲಿತಾಂಶ ಮುಚ್ಚಿಟ್ಟು ಮದುವೆಯಾಗಿದ್ದರು. ಗಂಡು ಹೆಣ್ಣು ನೋಡುವ ಶಾಸ್ತ್ರ ಇರುವ ಯಾವ ಸಮಾಜಕ್ಕೂ ಇದು ಅಚ್ಚರಿಯ ಸುದ್ದಿಯಲ್ಲ. ಒಂದು ಮನೆಯಲ್ಲಿ ರೋಗವಿದೆಯೆಂದು ತಿಳಿದರೆ ಆ ಮನೆಯ ಹೆಣ್ಣುಮಕ್ಕಳಿಗೆ ಏನಾಗುತ್ತದೆಂದು ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಈ ಸಾಮಾಜಿಕ ತೊಡಕು ಬಿಗಿಯುತ್ತಿದ್ದ ಹೊತ್ತಿಗೇ ಪ್ರಯೋಗಾಲಯಗಳು ಓಡತೊಡಗಿದ್ದವು. ಆಣ್ವಿಕ ಜೀವಶಾಸ್ತ್ರದ ಹಲವು ಹೊಸ ಆಯುಧಗಳನ್ನು ಮೊದಲು ಹದ ನೋಡಿದ ಸಾಣೆಕಲ್ಲು ಎಂದರೆ ಕುಡುಗೋಲು ವಂಶವಾಹಿಯೇ. 1978ರಲ್ಲಿ ಯುಯೆಟ್ ವಾಯ್ ಕಾನ್ ಮತ್ತು ಆಂಡ್ರೆ ಡೋಜಿ ಹುಟ್ಟುವ ಮುನ್ನವೇ ಡಿಎನ್‌ಎ ನೋಡಿ ಈ ರೋಗ ಗುರುತಿಸುವ ದಾರಿ ತೋರಿದರು. ಕೋವಿಡ್ ಕಾಲದಲ್ಲಿ ಮನೆಮಾತಾದ ಪಿಸಿಆರ್ 1985ರಲ್ಲಿ ಮೊದಲು ಮುದ್ರಣದಲ್ಲಿ ಕಾಣಿಸಿಕೊಂಡದ್ದೂ ಈ ರೋಗದ ಪತ್ತೆಯ ವಿಧಾನವಾಗಿಯೇ. 1999ರಲ್ಲಿ, ಗರ್ಭಕ್ಕೆ ಸೇರಿಸುವ ಮೊದಲೇ ಭ್ರೂಣಗಳನ್ನು ಪರೀಕ್ಷಿಸಿ, ರೋಗವಿಲ್ಲದ್ದನ್ನು ಆರಿಸಿ, ವಾಹಕ ದಂಪತಿಗೆ ಆರೋಗ್ಯವಂತ ಮಕ್ಕಳಾದ ವರದಿ ಬಂತು.

ರೋಗಕ್ಕೆ ಮದ್ದಿನ ಸುಳಿವು ಸಿಕ್ಕಿದ್ದು ಮಾತ್ರ ಕೂಸುಗಳಿಂದ. 1948ರಲ್ಲಿ ನ್ಯೂಯಾರ್ಕಿನ ಮಕ್ಕಳ ವೈದ್ಯೆ ಜ್ಯಾನೆಟ್ ವಾಟ್ಸನ್ ಒಂದು ಸರಳ ಸಂಗತಿ ಗಮನಿಸಿದರು: ರೋಗದೊಂದಿಗೇ ಹುಟ್ಟಿದ ಶಿಶುಗಳಿಗೂ ಮೊದಲ ಕೆಲವು ತಿಂಗಳು ಕಾಟವಿರುವುದಿಲ್ಲ. ಗರ್ಭದಲ್ಲಿರುವಾಗ ಶಿಶು ಬೇರೆಯದೇ ಹಿಮೋಗ್ಲೋಬಿನ್ ತಯಾರಿಸುತ್ತದೆ. ಹುಟ್ಟಿದ ಮೇಲೆ ದೇಹ ಅದನ್ನು ನಿಲ್ಲಿಸಿ ದೊಡ್ಡವರ ಹಿಮೋಗ್ಲೋಬಿನ್ನಿಗೆ ಬದಲಾಗುತ್ತದೆ. ಗರ್ಭದ ಹಿಮೋಗ್ಲೋಬಿನ್ ಇರುವಷ್ಟು ದಿನ ಕಣ ಬಾಗುವುದಿಲ್ಲ. 1970ರ ದಶಕದಲ್ಲಿ ಸೌದಿಯ ಓಯಸಿಸ್‌ಗಳಲ್ಲಿ, 1986ರಲ್ಲಿ ಒಡಿಶಾದ ರೋಗಿಗಳಲ್ಲಿ ಬಿ. ಸಿ. ಕರ್ ಮತ್ತು ಸಂಗಡಿಗರಿಗೆ ಕಂಡದ್ದೂ ಇದೇ. ದೊಡ್ಡವರಾದ ಮೇಲೂ ಅವರಲ್ಲಿ ಗರ್ಭದ ಹಿಮೋಗ್ಲೋಬಿನ್ ಗಣನೀಯವಾಗಿ ಉಳಿದಿತ್ತು, ಅಂಥವರಲ್ಲಿ ರೋಗ ಕೊಂಚ ಮೆತ್ತಗಿತ್ತು. ಭಾರತದ ಕಾಯಿಲೆ ಎಲ್ಲೆಡೆಯೂ ಸೌಮ್ಯ ಎಂದು ಇದರಿಂದ ತಿಳಿಯಬಾರದು. ನೋವಿನಲ್ಲಿ ಹೊರಳುವ, ಚಿಕ್ಕಂದಿನಲ್ಲೇ ಸಾಯುವ ಮಕ್ಕಳು ಇಲ್ಲೂ ಇದ್ದಾರೆ. ಆದರೆ ವಿಕಾಸ ತಾನೇ ಒಂದು ಪರಿಹಾರವನ್ನು ಅರ್ಧ ಬರೆದಿಟ್ಟಿದೆ ಎಂಬುದು ಸ್ಪಷ್ಟವಾಗಿತ್ತು.

ಉಳಿದರ್ಧವನ್ನು ಬರೆದದ್ದು ಈ ಶತಮಾನ. ಗರ್ಭದ ಹಿಮೋಗ್ಲೋಬಿನ್ನಿನ ದೀಪ ಆರಿಸುವ ಸ್ವಿಚ್ಚು ಬಿಸಿಎಲ್11ಎ ಎಂಬ ವಂಶವಾಹಿ ಎಂದು 2008ರಲ್ಲಿ ಬಾಸ್ಟನ್ನಿನ ಸ್ಟುವರ್ಟ್ ಆರ್ಕಿನ್ ಮತ್ತು ಅವರ ವಿದ್ಯಾರ್ಥಿ ವಿಜಯ್ ಶಂಕರನ್ ತಂಡ ತೋರಿಸಿತು. 2012ರಲ್ಲಿ ಜೆನಿಫರ್ ಡೌಡ್ನಾ, ಎಮಾನ್ಯುಯೆಲ್ ಶಾರ್ಪಾಂಟಿಯೆ ಕ್ರಿಸ್ಪರ್ ಎಂಬ ಜೀನ್ ಕತ್ತರಿಯನ್ನು ಮುಂದಿಟ್ಟರು. 2019ರ ಜುಲೈನಲ್ಲಿ ಅಮೆರಿಕದ ಮಿಸಿಸಿಪಿಯ ವಿಕ್ಟೋರಿಯಾ ಗ್ರೇ ಎಂಬ ತಾಯಿ, ಆ ಕತ್ತರಿಯಿಂದ ತಿದ್ದಿದ ತನ್ನದೇ ಕೋಶಗಳನ್ನು ದೇಹಕ್ಕೆ ಮರಳಿ ಪಡೆದರು. ಅಸ್ಥಿಮಜ್ಜೆಯ ಆಕರಕೋಶಗಳನ್ನು ಹೊರತೆಗೆದು, ರಕ್ತಕಣಗಳಲ್ಲಿ ಆ ಸ್ವಿಚ್ಚು ಕೆಲಸ ಮಾಡದಂತೆ ಕತ್ತರಿಸಿ, ಕೀಮೊಥೆರಪಿಯಿಂದ ಹಳೆಯ ಮಜ್ಜೆಯನ್ನು ಖಾಲಿ ಮಾಡಿ ಹೊಸದನ್ನು ಬಿತ್ತುವ ಚಿಕಿತ್ಸೆ ಇದು. ಕ್ಯಾಸ್‌ಜೆವಿ ಎಂಬ ಹೆಸರಿನಲ್ಲಿ ಅದಕ್ಕೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ಕೊಟ್ಟವು. ಅನುಮತಿಯ ಹೊತ್ತಿಗೆ ಲೆಕ್ಕಕ್ಕೆ ಸಿಕ್ಕ 31 ರೋಗಿಗಳಲ್ಲಿ 29 ಮಂದಿಗೆ ಕನಿಷ್ಠ ಒಂದು ವರ್ಷ ಆ ಭೀಕರ ನೋವು ಬರಲಿಲ್ಲ. ಗಮನಿಸಬೇಕಾದ ಸಂಗತಿಯೆಂದರೆ, ಈ ಚಿಕಿತ್ಸೆ ಕುಡುಗೋಲು ವಂಶವಾಹಿಯನ್ನು ಮುಟ್ಟುವುದೇ ಇಲ್ಲ. ಅದು ಇದ್ದಲ್ಲೇ ಇರುತ್ತದೆ. ಪಕ್ಕದ ಹಳೆಯ ದೀಪ ಮತ್ತೆ ಉರಿಯುತ್ತದೆ, ಅಷ್ಟೇ.

ವಿಕಾಸದ ಪ್ರಶ್ನೆ ನಿಜವಾಗಿ ಬಿಗಿಯಾಗುವುದು ಇಲ್ಲಿ. ಗ್ರೇ ಅವರ ರಕ್ತ ಬದಲಾಗಿದೆ, ಅಂಡಾಣುಗಳು ಬದಲಾಗಿಲ್ಲ. ಒಂದೇ ದೇಹದಲ್ಲಿ ಮಜ್ಜೆ ಹೇಳುವ ಕತೆ ಒಂದು, ಮುಂದಿನ ಪೀಳಿಗೆಗೆ ಹೋಗುವ ಕತೆ ಇನ್ನೊಂದು. ಚಿಕಿತ್ಸೆ ಪಡೆದವರು ಬದುಕಿ ಬಾಳಿ ಮಕ್ಕಳನ್ನು ಹೆತ್ತರೆ, ಮಲೇರಿಯಾ ಹೋದ ಮೇಲೆ ಹತ್ತು ತಲೆಮಾರಿನಲ್ಲಿ ಅರ್ಧಕ್ಕಿಳಿಯಬೇಕಿದ್ದ ವಂಶವಾಹಿಯ ಪ್ರಮಾಣ ಇಳಿಯುವುದೇ ನಿಲ್ಲುತ್ತದೆ. ವಾಹಕರು ವಾಹಕರನ್ನು ಮದುವೆಯಾಗದಿದ್ದರೂ ಫಲ ಅದೇ: ರೋಗಿಗಳು ಹುಟ್ಟುವುದಿಲ್ಲ, ವಂಶವಾಹಿ ವಾಹಕರಲ್ಲಿ ಹಾಯಾಗಿ ಉಳಿಯುತ್ತದೆ. ಭ್ರೂಣ ಆರಿಸುವಾಗ ವಾಹಕ ಭ್ರೂಣವನ್ನೂ ಬೇಡವೆಂದರೆ ಆ ಮನೆತನದಲ್ಲಿ ಅದು ಒಂದೇ ತಲೆಮಾರಿಗೆ ಕೊನೆ. ಹೀಗೆ ಒಂದೇ ರೋಗದ ವಿರುದ್ಧ ಹಿಡಿದ ಆಯುಧಗಳು ವಿಕಾಸವನ್ನು ಬೇರೆ ಬೇರೆ ದಿಕ್ಕಿಗೆ ತಳ್ಳುತ್ತವೆ. ಜೈವಿಕ ತಂತ್ರಜ್ಞಾನ ಮನುಷ್ಯನನ್ನು ಇಂಥ ಕಡೆಗೆ ಒಯ್ಯುತ್ತದೆ ಎಂದು ಒಂದೇ ಉಸಿರಿನಲ್ಲಿ ಸಾರುವವರ ಮಾತು ನಂಬಲಾಗದಿರುವುದು ಇದರಿಂದಲೇ.

ಕತ್ತರಿಯನ್ನು ಭ್ರೂಣಕ್ಕೇ ಹಾಕಿ ಮುಂದಿನ ಪೀಳಿಗೆಗಳನ್ನೇ ತಿದ್ದಿದವನೂ ಒಬ್ಬನಿದ್ದಾನೆ. 2018ರ ನವೆಂಬರಿನಲ್ಲಿ ಚೀನಾದ ಹೆ ಜಿಯಾಂಕುಯಿ, ಎಚ್‌ಐವಿ ತಗಲದಂತೆ ಸಿಸಿಆರ್5 ವಂಶವಾಹಿಯನ್ನು ತಿದ್ದಿದ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದಾರೆಂದು ಪ್ರಕಟಿಸಿದ. ಲೋಕವೇ ಬೆಚ್ಚಿತು, ಮರುವರ್ಷ ಅವನಿಗೆ ಮೂರು ವರ್ಷ ಜೈಲಾಯಿತು. ಬೇಡದ ಕಡೆ, ಸಾಕಷ್ಟು ಎಚ್ಚರವಿಲ್ಲದೆ, ಆ ಮಕ್ಕಳ ಮೈಮೇಲೆ ಮಾಡಿದ ಪ್ರಯೋಗವದು. ಕುಡುಗೋಲು ರೋಗದಲ್ಲಿ ಪ್ರಶ್ನೆ ಅಷ್ಟು ಸುಲಭಕ್ಕೆ ಮುಗಿಯುವುದಿಲ್ಲ. ಗಂಡ ಹೆಂಡತಿ ಇಬ್ಬರೂ ರೋಗಿಗಳಾಗಿದ್ದರೆ ಅವರ ಎಲ್ಲ ಭ್ರೂಣಗಳಲ್ಲೂ ರೋಗವೇ, ಆರಿಸಲು ಏನೂ ಇರುವುದಿಲ್ಲ. ಚಿಕಿತ್ಸೆ ಹೆಚ್ಚು ಜನಕ್ಕೆ ಸಿಕ್ಕಷ್ಟೂ ದೊಡ್ಡವರಾಗಿ ಮದುವೆಯಾಗುವ ರೋಗಿಗಳು ಹೆಚ್ಚುತ್ತಾರೆ, ಇಂಥ ಜೋಡಿಗಳೂ ಹೆಚ್ಚಬಹುದು. ಇಂದಿನ ಔಷಧವೇ ನಾಳೆಯ ಆ ಕಷ್ಟದ ಪ್ರಶ್ನೆಯನ್ನು ಮನೆಬಾಗಿಲಿಗೆ ತರುತ್ತಿದೆ.

ಆ ನಾಳೆ ಎಲ್ಲರಿಗೂ ಒಂದೇ ದಿನ ಬರುವುದಿಲ್ಲ ಎಂಬುದು ಇನ್ನೊಂದು ಸಂಕಟ. ಅಮೆರಿಕದಲ್ಲಿ ಕ್ಯಾಸ್‌ಜೆವಿಯ ಬೆಲೆ 22 ಲಕ್ಷ ಡಾಲರ್, ಅಂದರೆ 18 ಕೋಟಿ ರೂಪಾಯಿಗೂ ಮೇಲೆ. ಜಗತ್ತಿನಲ್ಲಿ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಶಿಶುಗಳು ಈ ರೋಗದೊಂದಿಗೆ ಹುಟ್ಟುತ್ತವೆ. ಮುಕ್ಕಾಲು ಪಾಲು ಸಹಾರಾದ ದಕ್ಷಿಣದ ಆಫ್ರಿಕಾದಲ್ಲಿ, ಉಳಿದವುಗಳಲ್ಲಿ ದೊಡ್ಡ ಪಾಲು ಭಾರತದಲ್ಲಿ. ದೆಹಲಿಯ ಸಿಎಸ್‌ಐಆರ್‌ನ ಜೀನೋಮಿಕ್ಸ್ ಸಂಸ್ಥೆಯ ವಿಜ್ಞಾನಿಗಳು ಅಗ್ಗದ ದೇಶೀಯ ಕ್ರಿಸ್ಪರ್ ಚಿಕಿತ್ಸೆಗೆ ದುಡಿಯುತ್ತಿದ್ದಾರೆ, ಅದಕ್ಕೆ ಬಿರ್ಸಾ ಮುಂಡಾ ಅವರ ಹೆಸರನ್ನೂ ಇಟ್ಟಿದ್ದಾರೆ. ಅದು ಕೈಗೆಟಕುವವರೆಗೆ ಹಾಡಿಯ ಮಗುವಿಗೆ ಆಸರೆ ಹೈಡ್ರಾಕ್ಸಿಯೂರಿಯಾ ಎಂಬ ಹಳೆಯ, ಅಗ್ಗದ ಗುಳಿಗೆ. ಅದೂ ಮಾಡುವ ಕೆಲಸ ಗರ್ಭದ ಹಿಮೋಗ್ಲೋಬಿನ್ ಹೆಚ್ಚಿಸುವುದೇ. ಅದನ್ನು ತಿಂಗಳು ತಪ್ಪದಂತೆ ಕಾಡಿನೊಳಗಿನ ಮನೆಗೆ ಮುಟ್ಟಿಸುವುದು ಜೀನ್ ಕತ್ತರಿಸುವುದಕ್ಕಿಂತ ಸಣ್ಣ ಸಾಧನೆಯೆಂದು ಎಣಿಸಬಾರದು.

2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಕುಡುಗೋಲು ಕಣ ರೋಗ ನಿರ್ಮೂಲನೆಯ ರಾಷ್ಟ್ರೀಯ ಕಾರ್ಯಕ್ರಮ ಶುರುವಾಯಿತು. ಕರ್ನಾಟಕವೂ ಸೇರಿ 17 ರಾಜ್ಯಗಳು, ನಲವತ್ತರೊಳಗಿನ ಏಳು ಕೋಟಿ ಜನರ ತಪಾಸಣೆ, 2047ರ ಗಡುವು. ಪರೀಕ್ಷೆಯಾದವರಿಗೆ ಫಲಿತಾಂಶ ಬರೆದ ಕಾರ್ಡು ಕೊಡಲಾಗುತ್ತದೆ, ಮದುವೆಗೆ ಮುನ್ನ ಅದನ್ನು ನೋಡಿಕೊಳ್ಳಿ ಎಂಬ ಸಲಹೆಯೊಂದಿಗೆ. ಒರ್ಖೊಮೆನೊಸ್‌ನಲ್ಲಿ ಆದದ್ದು ಇಲ್ಲಿ ಆಗದಿರಬೇಕಾದರೆ ಕಾರ್ಡು ಕೊಡುವ ಕೈ, ಅದರ ಜೊತೆ ಆಡುವ ಮಾತು, ಅದನ್ನಾಡುವ ಭಾಷೆ ಎಲ್ಲವೂ ಮುಖ್ಯ.

ಈಗ ತೆಳುಗಾಜು, ಮೇಣದ ಕಾಲ ಹೋಗಿದೆ. ಪುಟ್ಟ ಕೊಳವೆಯಲ್ಲಿ ದ್ರಾವಣ ತುಂಬಿ, ಬೆರಳ ತುದಿಯ ಎರಡು ಹನಿ ರಕ್ತ ಬಿಟ್ಟು, ಹಿಂದೆ ಕಪ್ಪು ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಐದಾರು ನಿಮಿಷ. ಗೆರೆಗಳು ಕಂಡರೆ ಕುಡುಗೋಲಿಲ್ಲ; ದ್ರಾವಣ ಮಬ್ಬಾಗಿ ಗೆರೆಗಳು ಮರೆಯಾದರೆ ಇದೆ. ವಾಹಕವೋ ರೋಗಿಯೋ ಎಂಬುದನ್ನು ಆ ಕೊಳವೆ ಹೇಳಲಾರದು. ಅದಕ್ಕೆ ಎರಡನೆಯ ಪರೀಕ್ಷೆ ಬೇಕು, ಅದರ ಯಂತ್ರ ಇರುವುದು ದೂರದ ದೊಡ್ಡ ಊರಿನಲ್ಲಿ. ಅಲ್ಲಿಂದ ಉತ್ತರ ಬರುವವರೆಗೆ ಆ ಮನೆಯವರು ಕಾಯಬೇಕು.